ಆಸರೆ ಮನೆ ಬಿಟ್ಟು ಹಳೆ ಊರಿಗೇ ಯಾಕೆ ಮರಳುತ್ತಾರೆ?

ನೀವು ಕೇಳಿದ್ದು ಇದು: 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿಕೊಟ್ಟ 'ಆಸರೆ' ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದಿವೆ, ಪುಕ್ಕಟೆ ಸಿಕ್ಕ ಪಕ್ಕಾ ಮನೆ ಬಿಟ್ಟು ಜನ ಮತ್ತೆ ಹೊಳೆದಂಡೆಗೆ ಹೋಗುವುದು ಹಠವೋ, ತಿಳಿಗೇಡಿತನವೋ?

ನಾನು ಬಾಗಲಕೋಟೆ ಕಡೆಯವನು, ಹೊಳೆಸಾಲಿನ ಊರುಗಳಲ್ಲಿ ಬೀಗರು, ನೆಂಟರು ಇದ್ದಾರೆ. ನನ್ನ ಪ್ರಕಾರ ಅವೆರಡೂ ಅಲ್ಲ. ಆಸರೆ ಮನೆಯಲ್ಲಿ ದನ ಕಟ್ಟಲು ಜಾಗವಿಲ್ಲ.

ನಗಬೇಡಿ. ಒಕ್ಕಲುತನದವರ ಮನೆ ಎಂದರೆ ಬರೀ ಗೋಡೆಯಲ್ಲ; ಎತ್ತು, ಎಮ್ಮೆ, ಹಿತ್ತಲ ತಿಪ್ಪೆ, ಕಣಿಕೆ ಬಣವಿ, ಜೋಳದ ಚೀಲ ಎಲ್ಲ ಸೇರಿ ಮನೆ. ಹೊಸ ಬಡಾವಣೆಯಲ್ಲಿ ಸಿಕ್ಕಿದ್ದು ಸಣ್ಣ ನೌಕರನ ಸಂಸಾರಕ್ಕೆ ಒಪ್ಪುವ ಮನೆ. ಹಾಗಾಗಿ ದನ ಹಳೆ ಊರಲ್ಲೇ ಉಳಿದವು. ದನದ ಹತ್ತಿರ ರಾತ್ರಿ ಯಾರಾದರೂ ಮಲಗಬೇಕಲ್ಲ, ಮುದುಕಪ್ಪ ಹೋದ. ಅವನಿಗೆ ಬುತ್ತಿ ಮುಟ್ಟಿಸಬೇಕು, ನಸುಕಿನಲ್ಲಿ ಹಾಲು ಹಿಂಡಬೇಕು, ಸೊಸೆಯೂ ಹೋದಳು. ಹೊಲವೂ ಆ ಕಡೆಯೇ. ಬರುಬರುತ್ತ ಒಲೆಯೇ ಅಲ್ಲಿ ಹೂಡಿದರು, ಆಸರೆ ಮನೆ ಚೀಲ ಒಟ್ಟುವ ಕೋಣೆಯಾಯಿತು. 'ಮರಳಿ ಹೋಗೋಣ' ಎಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಹೊಲವಿಲ್ಲದ ಕೂಲಿಯವರ ಕಥೆಯೂ ಇಷ್ಟೇ, ಕೂಲಿ ಸಿಗುವುದೂ ಆ ಹೊಲಗಳಲ್ಲೇ.

ಪರಿಹಾರ ಕೆಲಸದವರು ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಕೈಪಿಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕೆನ್ನುತ್ತದೆ. ಪತ್ರಾಸ್ (ತಗಡು) ಶೆಡ್ಡಿನ ಮೊದಲ ಕೆಲವು ತಿಂಗಳಿಗೆ ಒಳ್ಳೆಯ ಅಳತೆಯೇ. ಅದೇ ತಲೆಲೆಕ್ಕದಲ್ಲಿ ಕಾಯಂ ಊರು ಕಟ್ಟಲು ಹೊರಟರೆ ಎಡವಟ್ಟಾಗುತ್ತದೆ.

ಪಕ್ಕದ ಮಹಾರಾಷ್ಟ್ರದ ಲಾತೂರಿನಲ್ಲಿ 1993ರ ಭೂಕಂಪದ ನಂತರ 52 ಹಳ್ಳಿಗಳನ್ನು ಎತ್ತಿ ಬೇರೆಡೆ ಕಟ್ಟಿದರು. 2001ರಲ್ಲಿ ಗುಜರಾತಿನ ಕಚ್ ನಡುಗಿದಾಗ ಬೇರೆ ದಾರಿ ಹಿಡಿದರು: ಕಂತಿನಲ್ಲಿ ಹಣ ಮತ್ತು ತಾಂತ್ರಿಕ ಸಲಹೆ ಕೊಟ್ಟು, ಬಹಳಷ್ಟು ಜನ ತಮ್ಮ ಜಾಗದಲ್ಲೇ ತಾವೇ ಕಟ್ಟಿಕೊಳ್ಳಲು ಬಿಟ್ಟರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನಮ್ಮ ಸರ್ಕಾರವೂ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಹಂತಹಂತವಾಗಿ ಕೊಡುವ ದಾರಿಗೆ ಬಂತು. ನನಗೆ ಇದೇ ಸರಿ ಅನಿಸುತ್ತದೆ. ಆದರೆ ಇದರಲ್ಲಿ ಎಲ್ಲವೂ ಉತಾರದ ಮೇಲೆ, ಅಂದರೆ ಮನೆ ಯಾರ ಹೆಸರಲ್ಲಿದೆ ಎನ್ನುವ ದಾಖಲೆಯ ಮೇಲೆ, ನಿಂತಿದೆ. ಉತಾರದಲ್ಲಿ ತೀರಿಹೋದ ಅಪ್ಪನ ಹೆಸರು, ಒಳಗೆ ಮೂವರು ಅಣ್ತಮ್ಮಂದಿರ ಮೂರು ಒಲೆ. ಬಿದ್ದದ್ದು ಒಂದು ಮನೆ, ಪರಿಹಾರ ಒಂದು. ಆಮೇಲಿನ ಜಗಳ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎಬ್ಬಿಸಿ ಬೇರೆಡೆ ಕೂರಿಸಿದ್ದೆಲ್ಲ ಕೆಟ್ಟಿತು ಎಂದೂ ಅಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಿತು, ನವನಗರ ಎದ್ದಿತು. ಅದರ ನಕ್ಷೆ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಅದು ಊರಾಗಿ ನಿಂತದ್ದು ನಕ್ಷೆಯೊಂದರಿಂದಲೇ ಅಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗಿ ಕಚೇರಿಗಳು ಅಲ್ಲಿಗೆ ಬಂದವು, ಅವುಗಳ ಬೆನ್ನಿಗೆ ಬಸ್ಸು, ಆಸ್ಪತ್ರೆ, ಕಾಲೇಜು. ಅನ್ನದ ದಾರಿಯೂ ಮನೆಯ ಜೊತೆ ಬಂತು. ಹಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಆ ಅದೃಷ್ಟವೆಲ್ಲಿ?

ನೀವು ದೇಣಿಗೆ ಕೊಡುವ ವಿಚಾರದಲ್ಲಿದ್ದರೆ, ಕಟ್ಟುವ ಸಂಸ್ಥೆಯವರನ್ನು ಮೂರು ಮಾತು ಕೇಳಿ: ಹಕ್ಕುಪತ್ರ ಯಾರ ಹೆಸರಿಗೆ, ಹೊಲಕ್ಕೆ ಎಷ್ಟು ದೂರ, ಹಿತ್ತಲು ಬಿಟ್ಟಿದ್ದಾರೋ ಇಲ್ಲವೋ. ಇದು ಹಳೆಯ ವಿಷಯವಾಗಿಯೂ ಉಳಿದಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಊರುಗಳು ಏಳಬೇಕು. ಸದ್ಯ ಚಹಾದಂಗಡಿಯಲ್ಲಿ ಕೇಳಿಬರುವುದೆಲ್ಲ ಮುಳುಗುವ ಹೊಲಕ್ಕೆ ಎಕರೆಗೆ ಎಷ್ಟು ಪರಿಹಾರ ಎನ್ನುವುದೇ. ಹೊಸ ಊರು ಯಾವ ಗುಡ್ಡದ ಮೇಲೆ, ಅಲ್ಲಿಗೆ ನೀರು ಎಲ್ಲಿಂದ ಎಂದು ಕೇಳುವವರು ಕಡಿಮೆ.