ಗ್ಯಾರೇಜ್ ಪ್ರಶ್ನೋತ್ತರ: ಗುದ್ದಿದ ಹೊಸ ಮಸ್ಟಾಂಗ್‌ಗೆ 1967ರ ರೂಪ ಕೊಡೋದು ಹೇಗೆ?

ಹೋದ ಸಂಚಿಕೆಯಲ್ಲಿ ಹಳೇ ಅಮೆರಿಕನ್ ಮಸಲ್ ಕಾರುಗಳ (ದೊಡ್ಡ ಇಂಜಿನ್‌ನ ಜೋರು ಕಾರುಗಳ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು, ಇನ್ಶೂರೆನ್ಸ್‌ನವರು ಟೋಟಲ್ ಲಾಸ್, ಅಂದ್ರೆ ರಿಪೇರಿ ಮಾಡಿಸೋದು ಲಾಭ ಇಲ್ಲ ಅಂತ ಬಿಟ್ಟ ಹೊಸ ಕಾರನ್ನ ತಂದು ಹಳೇ ಕಾರಿನ ಬಾಡಿ ಕೂರಿಸೋದು. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಸರ್, ನಾನು ಅಮೆರಿಕದಲ್ಲಿದ್ದೀನಿ, ಹರಾಜಲ್ಲಿ 2016ರ ಫೋರ್ಡ್ ಮಸ್ಟಾಂಗ್ ಜಿಟಿ ಸಿಕ್ಕಿದೆ, ಹಿಂದಿನಿಂದ ಗುದ್ದಿಸಿಕೊಂಡಿದ್ದು, ಇಂಜಿನ್ ಚೆನ್ನಾಗಿದೆ. ಇದನ್ನ 1967ರ ಫಾಸ್ಟ್‌ಬ್ಯಾಕ್ (ಛಾವಣಿ ಬಾಲದ ತನಕ ಇಳಿಜಾರಾಗಿರೋ ಮಾದರಿ) ಥರ ಮಾಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ತಗಡು ಕತ್ತರಿಸೋ ಗ್ರೈಂಡರ್ ಕೆಳಗಿಡಿ, ಮೊದಲು ಕಾರು ಓಡಿಸಿ. ಹಿಂದಿನ ಭಾಗ ಅಳತೆ ಬೆಂಚ್ ಮೇಲೆ ಎಳೆಸಿ ನೇರ ಮಾಡಿಸಿ, ಒಂದು ಎಚ್ಚರಿಕೆ ಲೈಟೂ ಉರೀದೆ ಡ್ಯಾಶ್ ಕ್ಲೀನ್ ಆಗೋ ತನಕ ರಿಪೇರಿ ಮಾಡಿ, ಸ್ಟೀರಿಂಗ್ ಬಿಟ್ಟರೆ ನೇರ ಹೋಗುತ್ತಾ, ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆಯುತ್ತಾ ನೋಡಿ. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಂದ್ರೆ, ಬಾಡಿ ಎಲ್ಲ ಕೂರಿಸಿ ಪೇಂಟ್ ಆದ್ಮೇಲೆ ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರ, ಸಸ್ಪೆನ್ಷನ್ ಹಿಡಿಯೋ ಚೌಕಟ್ಟು) ಕೂರೋ ಜಾಗವೇ 6 ಮಿಲಿಮೀಟರ್ ಸರಿದಿದೆ ಅಂತ ಗೊತ್ತಾದ ಒಂದು ಕಾರನ್ನ ನಾನು ನೋಡಿದ್ದೀನಿ. ಆ ಹುಡುಗನ ಎರಡು ವರ್ಷದ ಭಾನುವಾರಗಳು ಹಂಗೇ ಹೋದ್ವು, ಎಲ್ಲಾ ಬಿಚ್ಚಬೇಕಾಯ್ತು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಇನ್ನು ಅಳತೆ. ನಿಮ್ಮ ಆಯ್ಕೆ ಒಳ್ಳೇದೇ. 1967ರ ಮಸ್ಟಾಂಗ್ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 108 ಇಂಚು, 2016ರದ್ದು 107.1 ಇಂಚು, ಒಂದಿಂಚೂ ವ್ಯತ್ಯಾಸ ಇಲ್ಲ. ಅಂದ್ರೆ ಚಕ್ರಗಳು ಇದ್ದಲ್ಲೇ ಇರಬಹುದು, ಫ್ಲೋರ್ ಕತ್ತರಿಸೋ ಗೋಜಿಲ್ಲ. ಆದ್ರೆ ಅಗಲ ನೋಡಿ, ಹಳೇದು ಸುಮಾರು 71 ಇಂಚು, ಹೊಸದು 75 ಚಿಲ್ಲರೆ. ಎತ್ತರದಲ್ಲೂ ಹೊಸದು ಹೆಚ್ಚು ಕಮ್ಮಿ 3 ಇಂಚು ಜಾಸ್ತಿ. ನಿಜವಾದ ತಲೆನೋವು ಇರೋದು ಇಲ್ಲೇ, ಅದರಲ್ಲೂ ಕೌಲ್ ಹತ್ರ, ಅಂದ್ರೆ ಬಾನೆಟ್ ಮುಗಿದು ಮುಂದಿನ ಗಾಜು ಶುರುವಾಗೋ ಜಾಗ. ಹೊಸ ಕಾರಲ್ಲಿ ವೈಪರ್ ಮೋಟರ್, ಎಸಿ ಬಾಕ್ಸ್, ದೊಡ್ಡ ಡ್ಯಾಶ್ ಎಲ್ಲ ಅಲ್ಲೇ ತುಂಬಿರೋದ್ರಿಂದ ಕೌಲ್ ಎತ್ತರಕ್ಕಿರುತ್ತೆ, ಅದಕ್ಕೆ ತಕ್ಕ ಹಾಗೆ ಬಾಗಿಲ ಕಿಟಕಿ ಗೆರೆನೂ ಮೇಲಕ್ಕೆ ಹೋಗಿರುತ್ತೆ, ಹಳೇ ಕಾರಿನ ಗ್ರಿಲ್ಲು ಬಂಪರು ತಂದು ಸಿಕ್ಕಿಸಿದ್ರೂ ಏನೋ ಊದಿಕೊಂಡ ಹಾಗೆ ಕಾಣೋದು ಇದರಿಂದಾನೇ.

ತುಂಬ ಜನ ಇದನ್ನ ಸರಿ ಮಾಡೋಕೆ ಅಂತ ಮುಂದಿನ ಗಾಜಿನ ಫ್ರೇಮನ್ನೇ ಕತ್ತರಿಸಿ ಹಿಂದಕ್ಕೆ ಬಗ್ಗಿಸ್ತಾರೆ. ದಯವಿಟ್ಟು ಆ ಕೆಲಸ ಮಾಡ್ಬೇಡಿ. ಹೊಸ ಕಾರುಗಳ ಪಿಲ್ಲರ್‌ಗಳಲ್ಲಿ, ಅಂದ್ರೆ ಛಾವಣಿ ಹೊರೋ ಕಂಬಗಳಲ್ಲಿ, ತುಂಬ ಗಟ್ಟಿ ಮಾಡಿರೋ ಸ್ಟೀಲ್ ಇರುತ್ತೆ, ವೆಲ್ಡಿಂಗ್ ಬಿಸಿ ತಾಗಿದ ಕಡೆ ಆ ಗಟ್ಟಿತನ ಹೋಗ್ಬಿಡುತ್ತೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಗಾಜು ಕೂಡ ಹಳೇ ಕಾಲದ ಹಾಗೆ ರಬ್ಬರ್ ಬೀಡಿಂಗಲ್ಲಿ ಕೂತಿಲ್ಲ, ಯುರೇಥೇನ್ ಅಂಟಲ್ಲಿ ಬಾಡಿಗೆ ಬೆಸೆದಿದೆ, ಬಾಡಿ ಗಟ್ಟಿಯಾಗಿ ನಿಲ್ಲೋದ್ರಲ್ಲಿ ಅದರ ಪಾಲೂ ಇದೆ. ಜೊತೆಗೆ ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನವರ ಏರ್‌ಬ್ಯಾಗ್ ಡ್ಯಾಶಿಂದ ಮೇಲಕ್ಕೆ ಚಿಮ್ಮಿ ಗಾಜಿಗೆ ಒರಗಿಕೊಂಡೇ ಉಬ್ಬೋದು. ಗಾಜಿನ ಓರೆ ಬದಲಾಯ್ತು ಅಂದ್ರೆ ಆ ಲೆಕ್ಕವೇ ತಪ್ಪುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ, ಮುಂದಿನ ಗಾಜು, ಅದರ ಪಿಲ್ಲರ್, ಡ್ಯಾಶ್, ಬಾಗಿಲ ಚೌಕಟ್ಟು, ಫ್ಲೋರ್ ಇವನ್ನ ಕಾರು ಹುಟ್ಟಿದ ಹಾಗೇ ಬಿಡಿ. 67ರ ರೂಪವನ್ನ ಅದರ ಮುಂದೆ ಮತ್ತು ಹಿಂದೆ ತನ್ನಿ. ಮುಂದೆ ಉದ್ದ ಮೂಗು, ಒಳಕ್ಕೆ ಕೂತ ಗ್ರಿಲ್, ದುಂಡನೆ ದೀಪ, ಹಿಂದೆ ಇಳಿಜಾರು ಛಾವಣಿ, ಕಿವಿರಿನ ಥರದ ಗಾಳಿ ಕಿಂಡಿ, ಒಳಬಾಗಿದ ಹಿಂಬದಿ ಪ್ಯಾನೆಲ್, ಮೂರು ಮೂರು ದೀಪ. ಬಾಗಿಲ ಮೇಲೆ ಆ ಸಿ ಆಕಾರದ ಗೆರೆ ಇದೆಯಲ್ಲ, ಅದನ್ನ ಹಳೇ ಕಾರಿನ ಅಳತೆಗೆ ಅಲ್ಲ, ಈ ಬಾಗಿಲ ಎತ್ತರಕ್ಕೆ ಹೊಂದೋ ಹಾಗೆ ಸ್ವಲ್ಪ ಕೆಳಗೆ ತನ್ನಿ, ಅದರ ಕೆಳಗಿನ ಪಟ್ಟಿ ಕಪ್ಪು ಬಳಿಯಿರಿ, ಕಣ್ಣಿಗೆ ಕಾರು ತೆಳ್ಳಗಾಗುತ್ತೆ. ಮೊದಲು ರಟ್ಟು, ಥರ್ಮಕೋಲಲ್ಲಿ ನಿಜ ಅಳತೆಯಲ್ಲೇ ಕಟ್ಟಿ, ಇಪ್ಪತ್ತು ಅಡಿ ದೂರ ನಿಂತು ನೋಡಿ. ಒಂದು ವಾರ ಹಾಗೇ ಬಿಡಿ. ಬೆಳಿಗ್ಗೆ ಒಂದು ಥರ ಕಾಣುತ್ತೆ, ಸಂಜೆ ಒಂದು ಥರ ಕಾಣುತ್ತೆ, ತಪ್ಪು ಗೆರೆ ಯಾವ್ದು ಅಂತ ಅದೇ ಹೇಳುತ್ತೆ.

ಕಾರಿನ ಮುಂಭಾಗದಲ್ಲಿ ಕೆಲಸ ಮಾಡುವಾಗ ಎರಡು ವಿಷಯ. ಪ್ಲಾಸ್ಟಿಕ್ ಬಂಪರ್ ತೆಗೆದಾಗ ಒಳಗೆ ಅಡ್ಡ ಬೀಮ್ ಕಾಣುತ್ತೆ, ಕ್ರೋಮ್ ಬಂಪರ್ ಹಾಕೋಕೆ ಅಡ್ಡ ಬರ್ತಿದೆ ಅಂತ ಅದನ್ನ ತೆಗೀಬೇಡಿ, ಕ್ರೋಮನ್ನ ಅದರ ಮುಂದಕ್ಕೆ ತಂದು ಕೂರಿಸಿ. ಮೂಗು ಒಂದೆರಡು ಇಂಚು ಉದ್ದ ಆದ್ರೆ 67ರ ರೂಪಕ್ಕೆ ಒಳ್ಳೇದೇ ಆಯ್ತು. ಎರಡನೇದು ಗಾಳಿ. ಹೊಸ ಕಾರು ಬಂಪರ್ ಕೆಳಗಿಂದಲೂ ಉಸಿರಾಡುತ್ತೆ, ನೀವು ಅಲ್ಲಿ ತಗಡು ಮುಚ್ಚಿದ್ರೆ 5 ಲೀಟರ್ ವಿ8 ಇಂಜಿನ್‌ಗೆ ಟ್ರಾಫಿಕ್‌ನಲ್ಲಿ ಬಿಸಿ ಏರುತ್ತೆ. ಗ್ರಿಲ್‌ನಿಂದ ರೇಡಿಯೇಟರ್ ತನಕ ಪಕ್ಕದಲ್ಲಿ ಸೋರದ ಹಾಗೆ ಡಕ್ಟ್ (ಗಾಳಿ ಹೋಗೋ ಕೊಳವೆ) ಕಟ್ಟಿ. ಹಾಂ, ನಿಮ್ಮ ಕಾರಿನ ಬಾನೆಟ್ಟು, ಮುಂದಿನ ಫೆಂಡರು ಅಲ್ಯೂಮಿನಿಯಂ, ಸ್ಟೀಲ್ ತಗಡನ್ನ ಅದಕ್ಕೆ ನೇರ ತಾಗಿಸಿ ಬಿಗಿದ್ರೆ ನೀರು ಬಿದ್ದ ಕಡೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ನಡುವೆ ಅಂಟೋ ಪದರವೋ ಇರಲೇಬೇಕು.

ಪ್ರಶ್ನೆ: ನೀರಲ್ಲಿ ಮುಳುಗಿದ ಕಾರು ತುಂಬ ಕಮ್ಮಿಗೆ ಸಿಗ್ತಿದೆ, ಬಾಡಿಗೆ ಒಂದು ಗೀರೂ ಇಲ್ಲ, ತಗೋಬಹುದಾ?

ಉತ್ತರ: ಬೇಡ. ವೈರ್ ಕನೆಕ್ಟರ್ ಒಳಗೆ ಕಿಲುಬು ಹಿಡಿದಿರುತ್ತೆ, ಇವತ್ತು ಓಡುತ್ತೆ, ಆರು ತಿಂಗಳಾದ್ಮೇಲೆ ಒಂದೊಂದೇ ಮಾಡ್ಯೂಲ್ (ಕಾರಿನ ಒಂದೊಂದು ಕೆಲಸ ನೋಡ್ಕೊಳ್ಳೋ ಪುಟ್ಟ ಕಂಪ್ಯೂಟರ್) ಸಾಯ್ತಾ ಬರುತ್ತೆ. ಆಲಿಕಲ್ಲು ಮಳೆಗೆ ಸಿಕ್ಕಿ ಮೇಲೆಲ್ಲ ಗುಳಿ ಬಿದ್ದ ಕಾರು ಹುಡುಕಿ, ಆ ತಗಡು ಹೆಂಗೂ ನೀವು ತೆಗೆಯೋದೇ ತಾನೆ. ಕದ್ದು ಸಿಕ್ಕಿದ ಕಾರೂ ಪರವಾಗಿಲ್ಲ, ಆದ್ರೆ ಏನೇನು ಬಿಚ್ಚಿಕೊಂಡು ಹೋಗಿದ್ದಾರೆ ಅಂತ ಎಣಿಸಿ. ಏರ್‌ಬ್ಯಾಗ್ ಬಿಚ್ಚಿಕೊಂಡಿರೋ ಕಾರಾದ್ರೆ ಬ್ಯಾಗ್ ಮಾತ್ರ ಅಲ್ಲ, ಸೀಟ್‌ಬೆಲ್ಟು, ಸೆನ್ಸರು, ಡ್ಯಾಶು ಎಲ್ಲದರ ಖರ್ಚು ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ: ನಮ್ಮಣ್ಣಂಗೆ 1969ರ ಡಾಡ್ಜ್ ಚಾರ್ಜರ್ ಹುಚ್ಚು. ಹೊಸ ಚಾರ್ಜರ್ ಮೇಲೆ ಕಟ್ಟಿದ್ರೆ ಹೆಸರೂ ಒಂದೇ ಆಗುತ್ತೆ ಅಂತಾನೆ. ಸರಿನಾ?

ಉತ್ತರ: ನಿಮ್ಮಣ್ಣಂಗೆ ಹೇಳಿ, ಹೆಸರು ನೋಡಿ ಮೋಸ ಹೋಗೋದು ಬೇಡ ಅಂತ. 2006ರಿಂದ 2023ರ ತನಕ ಬಂದ ಚಾರ್ಜರ್ ನಾಲ್ಕು ಬಾಗಿಲಿನದ್ದು, ವೀಲ್‌ಬೇಸ್ 120 ಇಂಚು. ಹಳೇದು ಎರಡು ಬಾಗಿಲು, 117 ಇಂಚು. ಅದಕ್ಕೆ ಹತ್ರ ಇರೋದು ಹೊಸ ಚಾರ್ಜರ್ ಕಾಲದ್ದೇ ಆದ ಡಾಡ್ಜ್ ಚಾಲೆಂಜರ್, ಎರಡು ಬಾಗಿಲು, 116 ಇಂಚು, ಅಗಲದಲ್ಲೂ ಒಂದಿಂಚಿನ ವ್ಯತ್ಯಾಸ. ಕಷ್ಟ ಇರೋದು ಉದ್ದದಲ್ಲಿ. ಹಳೇ ಚಾರ್ಜರ್ 208 ಇಂಚು, ಚಾಲೆಂಜರ್ 198ರ ಹತ್ರ. ಆ ಹತ್ತಿಂಚು ಪೂರ್ತಿ ಚಕ್ರದಿಂದ ಆಚೆ ಮೂಗು ಬಾಲದಲ್ಲೇ ಬರಬೇಕು, ಅಲ್ಲಿ ಡಬ್ಬಾ ತಗಡು ನೇತಾಡಿಸಿದ್ರೆ ಗುಂಡಿಗೆ ಇಳಿದಾಗೆಲ್ಲ ನಡುಗುತ್ತೆ, ಒಳಗೊಂದು ಹಗುರ ಫ್ರೇಮ್ ಕಟ್ಟಿ ಮೂಲ ಬಂಪರ್ ಬೀಮ್‌ಗೆ ಬೋಲ್ಟ್ ಹಾಕಿಸಿ.

ಪ್ರಶ್ನೆ: ಡ್ಯಾಶ್ ಬಿಚ್ಚಿದ್ರೆ ವೈರ್‌ಗಳ ಕಾಡೇ ಇದೆ. ನಂಗೆ ಇಂಜಿನ್, ಲೈಟ್, ಫ್ಯಾನ್ ಸಾಕು. ಮಿಕ್ಕಿದ್ದು ಕತ್ತರಿಸಿ ಬಿಸಾಕ್ಬಹುದಾ?

ಉತ್ತರ: ನಾನೂ ಒಂದು ಸಲ ಹೀಗೇ ಯೋಚನೆ ಮಾಡಿ ಕತ್ತರಿಸಿದ್ದೆ, ಮೂರು ತಿಂಗಳು ಕಾರು ಸ್ಟಾರ್ಟೇ ಆಗ್ಲಿಲ್ಲ. ಹೊಸ ಕಾರಲ್ಲಿ ಒಂದೊಂದು ಸ್ವಿಚ್ಚಿಗೆ ಒಂದೊಂದು ವೈರ್ ಅನ್ನೋ ಕಾಲ ಮುಗೀತು, ಇಂಜಿನ್ ಕಂಪ್ಯೂಟರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋದು), ದೀಪ ಬಾಗಿಲು ನೋಡ್ಕೊಳ್ಳೋ ಬಾಡಿ ಮಾಡ್ಯೂಲು, ಮೀಟರು, ಕೀ ಎಲ್ಲವೂ ಹೆಣೆದ ಎರಡೆಳೆ ವೈರಿನ ಮೇಲೆ ಒಂದಕ್ಕೊಂದು ಮಾತಾಡಿಕೊಂಡಿರ್ತವೆ, ಅದಕ್ಕೆ ಕ್ಯಾನ್ ಅಂತಾರೆ. ಮೀಟರ್ ಬೋರ್ಡ್ ಈ ವೈರಿಂದ ಕಳಚಿದ್ರೆ ಕೀ ಗುರುತಿಸೋದು ನಿಲ್ಲಬಹುದು, ಎಬಿಎಸ್ ಮಾತಾಡ್ಲಿಲ್ಲ ಅಂದ್ರೆ ಸ್ಪೀಡ್ ಗೊತ್ತಾಗಲ್ಲ. ಆ ಎರಡೆಳೆಯ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ (ಕರೆಂಟ್ ತಡೆಯೋ ಪುಟ್ಟ ಭಾಗ) ಇರುತ್ತೆ. ಬ್ಯಾಟರಿ ತೆಗೆದು, ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿನ (ಕಾರಿನ ದೋಷ ಓದೋ ಯಂತ್ರ ಸಿಕ್ಕಿಸೋ ಜಾಗ) 6 ಮತ್ತು 14ನೇ ಪಿನ್‌ಗೆ ಮಲ್ಟಿಮೀಟರ್ ಇಡಿ, 60 ಓಮ್ ತೋರಿಸಿದ್ರೆ ಸರಿ ಇದೆ, 120 ತೋರಿಸಿದ್ರೆ ಒಂದು ತುದಿ ಎಲ್ಲೋ ಕಳಚಿದೆ ಅಂತ ಅರ್ಥ. ಒಂದೊಂದು ಹಂತ ಮುಗಿದ ಮೇಲೂ ಇದನ್ನ ಅಳೆದು ಗೋಡೆ ಮೇಲೆ ಬರೆದಿಡಿ.

ಕತ್ತರಿಸೋ ಬದಲು ಮಡಚಿ. ಉಳಿದ ವೈರನ್ನ ಸುತ್ತಿ, ಬಟ್ಟೆ ಟೇಪ್ ಹಾಕಿ, ಡ್ಯಾಶ್ ಹಿಂದೆ ಕಟ್ಟಿ. ವೆಲ್ಡಿಂಗ್ ಮಾಡೋಕೆ ಮುಂಚೆ ಬ್ಯಾಟರಿ ತೆಗೀರಿ, ಮಾಡ್ಯೂಲ್ ಹತ್ರದ ಪ್ಲಗ್ಗೂ ತೆಗೀರಿ. ದೀಪ ಎಲ್ಇಡಿ ಮಾಡಿಸ್ತೀರಾ ಅಂದ್ರೆ, ಕರೆಂಟ್ ಕಮ್ಮಿ ಎಳೆಯೋದ್ರಿಂದ ಬಲ್ಬ್ ಹೋಗಿದೆ ಅಂತ ಬಾಡಿ ಮಾಡ್ಯೂಲ್ ತಿಳ್ಕೊಂಡು ಇಂಡಿಕೇಟರ್ ಪಟಪಟ ಅಂತ ಹೊಡ್ಕೊಳುತ್ತೆ, ಅದಕ್ಕೆ ಲೋಡ್ ರೆಸಿಸ್ಟರ್ ಹಾಕಿ, ಪ್ಲಾಸ್ಟಿಕ್ಕಿಗೆ ತಾಗದ ಹಾಗೆ ಲೋಹದ ಮೇಲೆ ಹಾಕಿ, ಯಾಕಂದ್ರೆ ಕೈ ಸುಡೋಷ್ಟು ಬಿಸಿ ಆಗುತ್ತೆ.

ಪ್ರಶ್ನೆ: ಮರದ ಸ್ಟೀರಿಂಗ್ ಹಾಕಿದ್ರೆ ಏರ್‌ಬ್ಯಾಗ್ ಹೋಗುತ್ತೆ ಅಂತಾರೆ. ಹೋದ್ರೆ ಹೋಗ್ಲಿ ಅನ್ನಬಹುದಾ?

ಉತ್ತರ: ನಾನು ಅನ್ನಲ್ಲ. ಆ ಕಾರಲ್ಲಿ ನೀವೊಬ್ರೇ ಕೂರಲ್ಲ, ಪಕ್ಕದಲ್ಲಿ ಮನೆಯವರು ಕೂರ್ತಾರೆ. ಏರ್‌ಬ್ಯಾಗು, ಬೆಲ್ಟು, ಸೆನ್ಸರು ಒಂದೇ ಲೆಕ್ಕದಲ್ಲಿ ಕೆಲಸ ಮಾಡೋದು, ಒಂದನ್ನ ಕಿತ್ತು ಅಲ್ಲೊಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿದ್ರೆ ಮಿಕ್ಕವಕ್ಕೆ ಸುಳ್ಳು ಹೇಳಿದ ಹಾಗೆ. ಮೂಲ ಸ್ಟೀರಿಂಗ್‌ನ ಅಂಚಿಗೇ ಮರದ ಪದರ ಹಾಕಿಸೋ ಕುಶಲಿಗಳಿದ್ದಾರೆ, ನಡುವಿನ ಬ್ಯಾಗ್ ಮುಚ್ಚಳ ಮುಟ್ಟದೆ ಮಾಡಿಸಿ, ಆ ಮುಚ್ಚಳಕ್ಕೆ ಪೇಂಟೂ ಬೇಡ, ಸ್ಟಿಕರೂ ಬೇಡ. ಟನಲ್ (ಎರಡು ಸೀಟಿನ ನಡುವಿನ ಫ್ಲೋರ್ ಉಬ್ಬು) ಮೇಲಿರೋ ಏರ್‌ಬ್ಯಾಗ್ ಮಾಡ್ಯೂಲನ್ನ ಕನ್ಸೋಲ್ ಚಂದಕ್ಕೆ ಅಂತ ತಿರುಗಿಸಿ ಕೂರಿಸ್ಬೇಡಿ, ಅದಕ್ಕೆ ಮುಂದೆ ಯಾವ್ದು ಪಕ್ಕ ಯಾವ್ದು ಅನ್ನೋದು ಮುಖ್ಯ.

ಪ್ರಶ್ನೆ: ಹಳೇ 1967ರ ಕಾರಿನ ವಿಐಎನ್ (ಕಾರಿನ ಗುರುತಿನ ನಂಬರ್) ಒತ್ತಿರೋ ತಗಡೂ ಟೈಟಲ್ಲೂ (ಮಾಲೀಕತ್ವದ ಪತ್ರ) ಮಾರ್ತಾರಂತೆ. ಅದನ್ನ ನನ್ನ ಕಾರಿಗೆ ಹಾಕಿದ್ರೆ ಹೊಗೆ ಟೆಸ್ಟ್ ತಪ್ಪುತ್ತಲ್ಲ?

ಉತ್ತರ: ಅದು ಅಪರಾಧ, ಅಮೆರಿಕದ ಫೆಡರಲ್ ಕಾನೂನಲ್ಲೇ ಅಪರಾಧ. ವಿಐಎನ್ ತೆಗೆಯೋದು, ಬದಲಾಯಿಸೋದು ಎರಡನ್ನೂ ಮಾಡ್ಬೇಡಿ. ನಿಮ್ಮ ಕಾರಿನ 17 ಅಕ್ಷರದ ನಂಬರೇ ಕೊನೇ ತನಕ ನಿಮ್ಮ ಕಾರಿನ ಗುರುತು. ಸಾಲ್ವೇಜ್ ಟೈಟಲ್ (ಟೋಟಲ್ ಲಾಸ್ ಆದದ್ದು ಅನ್ನೋ ಪತ್ರ) ಇರೋ ಕಾರು ತಪಾಸಣೆ ಆಗಿ ರೀಬಿಲ್ಟ್ ಟೈಟಲ್ (ರಿಪೇರಿ ಆಗಿದೆ ಅನ್ನೋ ಪತ್ರ) ಪಡೆದ ಮೇಲೆ ರಸ್ತೆಗೆ ಇಳಿಯುತ್ತೆ, ರೂಪ ಪೂರ್ತಿ ಬದಲಾಯಿಸಿದ್ರೆ ಅದನ್ನ ಏನಂತ ಬರ್ಕೋತಾರೆ ಅನ್ನೋದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಹಾಗಾಗಿ ಕತ್ತರಿಸೋಕೆ ಮುಂಚೆನೇ ನಿಮ್ಮ ರಾಜ್ಯದ ಮೋಟಾರು ವಾಹನ ಆಫೀಸಿಗೆ ಹೋಗಿ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ತಂದ ಪ್ರತಿ ಪಾರ್ಟಿನ ರಸೀದಿ ಇಡಿ, ಹಳೇ ಪಾರ್ಟಾದ್ರೆ ಅದು ಯಾವ ಕಾರಿಂದ ಬಂತೋ ಅದರ ವಿಐಎನ್ ಕೂಡ ರಸೀದಿಯಲ್ಲಿ ಬರೆಸಿ, ತಪಾಸಣೆಯವರು ಕದ್ದ ಮಾಲಾ ಅಂತ ನೋಡೋದು ಅದರಲ್ಲೇ. ಹೊಗೆ ವಿಷಯ ಅಂದ್ರೆ, ಕ್ಯಾಟಲಿಟಿಕ್ ಕನ್ವರ್ಟರು, ಆಕ್ಸಿಜನ್ ಸೆನ್ಸರು, ಪೆಟ್ರೋಲ್ ಆವಿ ಹಿಡಿಯೋ ಡಬ್ಬಿ ಎಲ್ಲ ಇದ್ದ ಹಾಗೇ ಇದ್ರೆ ಟೆಸ್ಟಿಗೆ ಹೆದರೋದೇನಿದೆ?

ಪ್ರಶ್ನೆ: ಹಳೇ ಕಾಲದ ಡಿಸೈನ್ ಚಕ್ರಗಳು ಹೊಸ ಮಸ್ಟಾಂಗ್‌ಗೆ ಕೂರ್ತವಾ?

ಉತ್ತರ: ಐದು ಬೋಲ್ಟ್, 114.3 ಮಿಲಿಮೀಟರ್, ಅಂದ್ರೆ ನಾಲ್ಕೂವರೆ ಇಂಚು, ಹಳೇ ವಿ8 ಮಸ್ಟಾಂಗ್‌ಗೂ ಹೊಸದಕ್ಕೂ ಒಂದೇ. ಆದ್ರೆ ಆಫ್‌ಸೆಟ್, ಅಂದ್ರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅನ್ನೋ ಅಳತೆ, ಬೇರೆ, ಹಳೇದು ಹಾಕಿದ್ರೆ ಚಕ್ರ ಹೊರಗೆ ಬರುತ್ತೆ, ಜೊತೆಗೆ 14 ಇಂಚಿನ ರಿಮ್ ಒಳಗೆ ಈಗಿನ ಬ್ರೇಕ್ ಡಿಸ್ಕು ಹಿಡಿಸೋದೇ ಇಲ್ಲ. ಹಳೇ ಡಿಸೈನಲ್ಲಿ 18 ಇಂಚಿಂದು ತಗೊಳ್ಳಿ, ಪಕ್ಕದ ಗೋಡೆ ಎತ್ತರ ಇರೋ ಟೈರ್ ಹಾಕಿ.

ಪ್ರಶ್ನೆ: ಇಷ್ಟೆಲ್ಲ ಮಾಡೋ ಬದಲು ನಿಜವಾದ ಹಳೇ ಕಾರೇ ತಂದು ರಿಪೇರಿ ಮಾಡಿಸಬಾರದಾ? ನಮ್ಮ ಯಜಮಾನ್ರು ಮಾಡ್ತಿರೋದು ನಕಲಿ ಅಂತ ಸ್ನೇಹಿತರು ಆಡ್ಕೋತಾರೆ, ಅವರಿಗೆ ಬೇಜಾರಾಗಿದೆ.

ಉತ್ತರ: ಮೇಡಂ, ಗಟ್ಟಿಮುಟ್ಟಾದ ಹಳೇ ಕಾರು ಸಿಕ್ಕಿದ್ರೆ ಅದನ್ನ ಕತ್ತರಿಸೋದಕ್ಕೆ ನನ್ನ ವಿರೋಧ ಇದೆ, ಅದು ಹಾಗೇ ಉಳೀಬೇಕು. ನಿಮ್ಮ ಯಜಮಾನ್ರು ಹಳೇ ಕಾರು ಹಾಳು ಮಾಡ್ತಿಲ್ಲ, ಪುಡಿ ಆಗಬೇಕಿದ್ದ ಹೊಸ ಕಾರಿಗೆ ಜೀವ ಕೊಡ್ತಿದ್ದಾರೆ. ಇನ್ನೊಂದು ಮಾತು, 1970ರ ತನಕದ ಮಸ್ಟಾಂಗ್‌ಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಹಿಂದಿಂದ ಗುದ್ದಿದ್ರೆ ಟ್ಯಾಂಕಿಗೂ ಹಿಂದಿನ ಸೀಟಿಗೂ ನಡುವೆ ಹೆಚ್ಚೇನೂ ಇಲ್ಲ. 2005ರ ನಂತರದ್ದರಲ್ಲಿ ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ ಮುಂದೆ, ಸೀಟಿನ ಕೆಳಗೆ ಇದೆ. ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಹೋಗೋ ಕಾರು ಬೇಕು ಅಂದ್ರೆ ನಿಮ್ಮ ಮನೆಯವರು ಹಿಡಿದಿರೋ ದಾರಿನೇ ನನಗೂ ಇಷ್ಟ. ಹಿಂದೆ ಬ್ಯಾಡ್ಜ್ ಹಾಕುವಾಗ, ಮಾರುವಾಗ ಇದು ರೆಪ್ಲಿಕಾ ಅಂತ ಬಾಯಿ ಬಿಟ್ಟು ಹೇಳ್ಲಿ, ಆಮೇಲೆ ಯಾರಿಗೂ ಆಡ್ಕೊಳ್ಳೋಕೆ ಏನೂ ಇರಲ್ಲ.

ಪ್ರಶ್ನೆ: ಫೈಬರ್ ಪ್ಯಾನೆಲ್ ಬಂದಿದೆ, ಪೇಂಟಿಗೆ ಕೊಡೋಕೆ ಎಷ್ಟು ದಿನ ಕಾಯಬೇಕು?

ಉತ್ತರ: ಅಚ್ಚಿಂದ ತೆಗೆದ ಮೇಲೂ ಫೈಬರ್ ಬಟ್ಟೆಯನ್ನ ಗಟ್ಟಿ ಮಾಡೋ ರೆಸಿನ್ ಸ್ವಲ್ಪ ಸ್ವಲ್ಪ ಕುಗ್ತಾನೇ ಇರುತ್ತೆ. ಪ್ಯಾನೆಲ್‌ಗಳನ್ನ ಕಾರಿನ ಮೇಲೇ ಬೋಲ್ಟ್ ಹಾಕಿ, ಸರಿಯಾದ ಆಕಾರದಲ್ಲಿ ಹಿಡಿದಿಟ್ಟು ಕೆಲವು ವಾರ ಬಿಸಿಲಿಗೆ ಬಿಡಿ, ಗೋಡೆಗೆ ಒರಗಿಸಿ ಇಟ್ರೆ ಬಾಗುತ್ತೆ. ಅವಸರ ಮಾಡಿದ್ರೆ ಮಿಂಚೋ ಪೇಂಟಿನ ಕೆಳಗಿಂದ ಆ ಬಟ್ಟೆಯ ನೇಯ್ಗೆ ಎದ್ದು ಕಾಣುತ್ತೆ, ಕಪ್ಪು ಬಣ್ಣದಲ್ಲಂತೂ ಬಿಸಿಲಿಗೆ ಇನ್ನೂ ಬೇಗ. ಪುಟ್ಟಿ 3 ಮಿಲಿಮೀಟರ್ ದಾಟಬಾರದು. ಬಾಗಿಲ ಸಂದು ನೋಡುವಾಗ ಕಾರು ಸ್ಟ್ಯಾಂಡ್ ಮೇಲೆ ಇರಬಾರದು, ನಾಲ್ಕೂ ಚಕ್ರ ನೆಲದ ಮೇಲಿರಬೇಕು, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇರಲಿ, ಸೀಟೆಲ್ಲ ಒಳಗಿರಲಿ, ಆವಾಗ ಸಿಕ್ಕ ಸಂದೇ ನಿಜವಾದ ಸಂದು.