ಅವಳ ಉತ್ತರ ಅವಳೇ ಹೇಳಲಿ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಏಳನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಹಾಸನಕ್ಕೆ ಬಂದು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ಮೇಲೆ ಮಾತೇ ಕಡಿಮೆಯಾಗಿದೆ. ಈಗ ಒಂಬತ್ತನೇ ಕ್ಲಾಸು. ಟೀಚರ್ ಕೇಳಿದರೂ ಬಾಯಿ ಬಿಡುವುದಿಲ್ಲವಂತೆ. ನೆಂಟರು ಮಾತಾಡಿಸಿದರೆ ಅವಳ ಪರವಾಗಿ ನಾನೇ ಉತ್ತರ ಕೊಡಬೇಕು. ತಮ್ಮನ ಜೊತೆ ಮಾತ್ರ ಚೆನ್ನಾಗಿ ಹರಟುತ್ತಾಳೆ. ನನಗೂ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರಿಸಲೇ?
– ಒಬ್ಬ ತಾಯಿ, ಹಾಸನ

ಉತ್ತರ: ತಮ್ಮನ ಜೊತೆ ಹರಟುತ್ತಾಳೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಮಾಧಾನವಾಯಿತು. ಮಾತು ಎಲ್ಲೂ ಹೋಗಿಲ್ಲ. ತಪ್ಪಾದರೆ ನಗುತ್ತಾರೇನೋ ಎಂಬ ಭಯ ಅದನ್ನು ತಡೆದಿದೆ. ದ್ಯುತಿಸಂಶ್ಲೇಷಣೆ ಎಂದು ಥಟ್ಟನೆ ಹೇಳುತ್ತಿದ್ದ ಹುಡುಗಿ ಈಗ ಫೋಟೋಸಿಂಥೆಸಿಸ್ ಎನ್ನುವ ಮೊದಲು ಹತ್ತು ಸಲ ಯೋಚಿಸಬೇಕು. ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುವುದು ಎಷ್ಟು ಸಂಕಟ ಅಲ್ವಾ?

ನೆಂಟರಿಗೆ ನೀವು ಉತ್ತರ ಕೊಡುವುದು ಪ್ರೀತಿಯಿಂದಲೇ. ಆದರೆ ‘ನಿನ್ನ ಕೈಲಿ ಆಗಲ್ಲ’ ಎಂದೇ ಅವಳಿಗೆ ಕೇಳಿಸುತ್ತದೆ. ‘ನಮ್ಮವಳಿಗೆ ನಾಚಿಕೆ ಜಾಸ್ತಿ’ ಎಂದು ಅವಳ ಎದುರೇ ಹೇಳುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮುಂದಿನ ಸಲ ಅವಳ ಅತ್ತೆ ‘ಯಾವ ಕ್ಲಾಸಮ್ಮ?’ ಎಂದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ನಿಮಗೇ ಹೆಚ್ಚು ಕಷ್ಟವಾಗುತ್ತದೆ, ತಡೆದುಕೊಳ್ಳಿ. ‘ಒಂಬತ್ತು’ ಎಂದಷ್ಟೇ ಹೇಳಿದರೂ ಸಾಕು. ಹೇಳದಿದ್ದರೆ ಯಾರ ಮುಂದೆಯೂ ಗದರಬೇಡಿ.

ಧೈರ್ಯವಾಗಿರು ಎಂದರೆ ಧೈರ್ಯ ಬರುವುದಿಲ್ಲ. ಸಣ್ಣ ಕೆಲಸಗಳನ್ನು ಕೊಡಿ. ಅಂಗಡಿಯಲ್ಲಿ ಕೊತ್ತಂಬರಿ ಕಟ್ಟಿನ ಬೆಲೆ ಕೇಳಲಿ. ಬಸ್ಸಿನಲ್ಲಿ ಆಧಾರ್ ತೋರಿಸಿ ‘ಎರಡು ಬೇಲೂರು’ ಎಂದು ಅವಳೇ ಹೇಳಲಿ. ಒಂದನ್ನೇ ಮತ್ತೆ ಮತ್ತೆ ಮಾಡಿದಾಗ ಭಯ ಇಳಿಯುತ್ತದೆ. ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ. ಹೊಗಳುವಾಗ ಬರೀ ‘ಜಾಣೆ’ ಎನ್ನಬೇಡಿ. ‘ಅಂಗಡಿಯವರಿಗೆ ಕೇಳಿಸಲಿಲ್ಲ ಅಂತ ಇನ್ನೊಂದು ಸಲ ಹೇಳಿದೆಯಲ್ಲ, ಖುಷಿಯಾಯ್ತು ಕಣೇ’ ಎನ್ನಿ. ಏನು ಮಾಡಿದ್ದಕ್ಕೆ ಅಮ್ಮ ಖುಷಿಪಟ್ಟಳು ಎಂದು ಅವಳಿಗೆ ಗೊತ್ತಾಗಬೇಕು.

ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸು ಸದ್ಯಕ್ಕೆ ಬೇಡ. ಗುರುತಿಲ್ಲದವರ ಎದುರು ಮೊದಲ ದಿನವೇ ಮೈಕ್ ಕೊಟ್ಟರೆ ಇನ್ನಷ್ಟು ಮುದುಡಿಕೊಂಡಾಳು. ಅದಕ್ಕಿಂತ ಕ್ಲಾಸ್ ಟೀಚರ್ ಜೊತೆ ಮಾತಾಡಿ, ಆದರೆ ಮಗಳನ್ನು ಕೇಳಿಕೊಂಡೇ ಹೋಗಿ. ನಾಳೆ ಯಾವ ಪ್ರಶ್ನೆ ಕೇಳುತ್ತೇನೆ ಎಂದು ಟೀಚರ್ ಹಿಂದಿನ ದಿನವೇ ತಿಳಿಸಿದರೆ ಅವಳು ತಯಾರಾಗಿ ಹೋಗಬಹುದು.

ಒಂದು ಎಚ್ಚರಿಕೆ. ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಎನ್ನುವುದು, ಶಾಲೆಗೆ ಹೋಗಲ್ಲ ಎಂದು ಅಳುವುದು, ಊಟ ನಿದ್ದೆ ಕೆಡುವುದು ವಾರಗಟ್ಟಲೆ ನಡೆದರೆ ಅದನ್ನು ಬರೀ ಸಂಕೋಚ ಎಂದು ಬಿಡಬೇಡಿ. ಶಾಲೆಯಲ್ಲಿ ಯಾರಾದರೂ ಅವಳನ್ನು ಆಡಿಕೊಳ್ಳುತ್ತಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಇಂಗ್ಲಿಷ್ ವಿಷಯ. ಅದನ್ನು ನೀವು ಕೊರತೆಯೆಂದು ಬರೆದಿದ್ದೀರಿ, ನನಗೆ ಹಾಗೆ ಕಾಣುತ್ತಿಲ್ಲ. ಇವತ್ತು ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಅವಳ ವಿಜ್ಞಾನದ ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂತು ಅರ್ಧ ಪುಟ ಗಟ್ಟಿಯಾಗಿ ಓದಿ. ಎಡವಿದಲ್ಲಿ ‘ಇದನ್ನ ಹೇಗೆ ಹೇಳೋದೇ?’ ಎಂದು ಅವಳನ್ನೇ ಕೇಳಿ. ಅವಳು ನಿಮ್ಮನ್ನು ತಿದ್ದಲಿ.