‘ನಿಂದಾ’ ಎಂಬ ಪದದ ಜಗ್ಗಾಟ

ಅಮೆರಿಕ ಇರಾಕ್ ಮೇಲೆ ನಡೆಸಿದ ಯುದ್ಧದ ಬಗ್ಗೆ 2003ರಲ್ಲಿ ಲೋಕಸಭೆ ಮಾಡಿದ ನಿರ್ಣಯ ಸರ್ಕಾರವನ್ನು ಕಟ್ಟಿಹಾಕುತ್ತಿತ್ತೇ, ಒಂದು ಪದಕ್ಕೆ ಅಷ್ಟು ಜಗಳವೇಕೆ ಎಂದು ಕೇಳಿದ್ದೀರಿ.

ಕಾನೂನಿನ ಪ್ರಕಾರ ಕಟ್ಟಿಹಾಕುತ್ತಿರಲಿಲ್ಲ. ಅದು ಮಸೂದೆಯಲ್ಲ, ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗುವುದಿಲ್ಲ. ಸದನದ ಅಭಿಪ್ರಾಯ, ಅಷ್ಟೇ. ಹಾಗಾಗಿಯೇ ಇಡೀ ತೂಕ ಕ್ರಿಯಾಪದದ ಮೇಲೆ ಬೀಳುತ್ತದೆ. ವಿರೋಧ ಪಕ್ಷಗಳಿಗೆ ‘ಕಂಡೆಮ್’ (ಖಂಡಿಸು) ಎಂಬ ಪದ ಬೇಕಿತ್ತು. ಅಮೆರಿಕದ ಜತೆ ಸಂಬಂಧ ಕೆಡಬಾರದೆಂದು ವಾಜಪೇಯಿ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಹಿಂದಿಯಲ್ಲಿ ‘ನಿಂದಾ’, ಇಂಗ್ಲಿಷಿನಲ್ಲಿ ‘ಡಿಪ್ಲೋರ್’ ಎಂದಾಯಿತು. ಹಿಂದಿಯ ‘ನಿಂದಾ’ ಖಂಡನೆಗೂ ಸಲ್ಲುತ್ತದೆ, ‘ಡಿಪ್ಲೋರ್’ ವಿಷಾದದ ಕಡೆಗೂ ವಾಲುತ್ತದೆ. ಎರಡೂ ಕಡೆಯವರು ತಮ್ಮ ಅರ್ಥ ಹಿಡಿದುಕೊಂಡರು, ಏಪ್ರಿಲ್ 8ರಂದು ನಿರ್ಣಯ ಅವಿರೋಧವಾಗಿ ಪಾಸಾಯಿತು. (ಕನ್ನಡದಲ್ಲಿ ‘ನಿಂದೆ’ ಎಂದರೆ ಬೈಗುಳ, ದೂಷಣೆ, ಇಲ್ಲಿ ‘ಖಂಡನೆ’ ಎಂದೇ ಅನುವಾದಿಸಿದರೆ ಆ ರಾಜಿಯೇ ಮಾಯವಾಗುತ್ತದೆ.)

ಆದರೂ ಅದು ಬರೀ ಕಾಗದವಲ್ಲ. ಯುದ್ಧ ನಿಲ್ಲಿಸಿ, ಪಡೆಗಳನ್ನು ಬೇಗ ವಾಪಸ್ ಕರೆಸಿಕೊಳ್ಳಿ ಎಂದೂ ಅದರಲ್ಲಿತ್ತು. ಇರಾಕ್‌ಗೆ ನಮ್ಮ ಸೈನಿಕರನ್ನು ಕಳಿಸಿ ಎಂದು ಅಮೆರಿಕ ಕೇಳಿದಾಗ, ಜುಲೈನಲ್ಲಿ ಸರ್ಕಾರ ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದಿತು. ನಿರ್ಣಯವೊಂದೇ ಇದಕ್ಕೆ ಕಾರಣವಲ್ಲ, ಆದರೆ ಇಡೀ ಸದನ ಒಪ್ಪಿದ ಮಾತನ್ನು ಮೀರುವುದು ಯಾವ ಸರ್ಕಾರಕ್ಕೂ ಕಷ್ಟ. ಇಂಥ ನಿರ್ಣಯ ಓದುವಾಗ ಮೊದಲು ಕ್ರಿಯಾಪದ ನೋಡಿ, ಆಮೇಲೆ ಯಾರಿಗೆ ಏನು ಮಾಡಲು ಹೇಳಿದೆ ಎಂಬುದನ್ನು.